ಮೂರು ಸಲದ ತಿದ್ದುಪಡಿ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮೂರನೇ ಮಹಡಿಯ ಮೇಲೆ, ಎರಡು ಕೋಣೆಯ ಮನೆ ಅವರದು. ಗಾಳಿ ಬೆಳಕು ಅಷ್ಟಕ್ಕಷ್ಟೇ, ಆದರೆ ಸದ್ದಿಗೇನೂ ಕೊರತೆಯಿರಲಿಲ್ಲ. ನಿಲ್ದಾಣದ ಧ್ವನಿವರ್ಧಕಗಳನ್ನು ಕೂರಿಸಿದ ಪುಣ್ಯಾತ್ಮ ಅದರಲ್ಲೊಂದನ್ನು ಪ್ರಯಾಣಿಕರ ಕಡೆಗೆ ತಿರುಗಿಸುವ ಬದಲು ಇವರ ಅಡುಗೆಮನೆಯ ಕಿಟಕಿಗೆ ತಿರುಗಿಸಿ ಹೋಗಿದ್ದ. ಬೇರೆ ಯಾರಾದರೂ ಆಗಿದ್ದರೆ ಅರ್ಜಿ ಬರೆದು ಜಗಳ ಕಾಯುತ್ತಿದ್ದರು. ಇವರು ಸುಮ್ಮನಿದ್ದರು. ಯಾಕೆಂದರೆ ಬೆಳಗ್ಗೆ ಎಂಟರಿಂದ ಸಂಜೆ ಐದರ ತನಕ ಅದರಲ್ಲಿ ಮಾತಾಡುತ್ತಿದ್ದವಳು ಆ ಮನೆಯ ಸೊಸೆಯೇ.

ನಿಲ್ದಾಣದವರು ಅವಳನ್ನು ಮೈಕಮ್ಮ ಎಂದು ಕರೆಯುತ್ತಿದ್ದರು. ಗಂಡ ದೂರದ ರೂಟಿನ ಡ್ರೈವರು; ಎರಡು ದಿನ ಬಸ್ಸಿನಲ್ಲಿದ್ದರೆ ಒಂದು ದಿನ ಮನೆಯಲ್ಲಿ, ಅದರಲ್ಲೂ ಅರ್ಧ ದಿನ ನಿದ್ದೆಯಲ್ಲಿ. ಉಳಿದವರು ಅತ್ತೆ ಮತ್ತು ಐದು ವರ್ಷದ ಮಗಳು ಚೂಟಿ. ಆ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಶಾಲೆಯಿಂದ ಬಂದವಳೇ ಕಿಟಕಿಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತರೆ ಅಮ್ಮ ಬರುವ ತನಕ ಕಿವಿ ಅತ್ತಲೇ. ಸಂಜೆ ಅಮ್ಮ ಚಪ್ಪಲಿ ಬಿಡುವಷ್ಟರಲ್ಲಿ ವರದಿ ಸಿದ್ಧವಾಗಿರುತ್ತಿತ್ತು.

"ಅಮ್ಮಾ, ಮೂರು ಗಂಟೆಗೆ ನಿಂಗೆ ಯಾರ ಮೇಲೋ ಸಿಟ್ಟು ಬಂದಿತ್ತು ಅಲ್ವಾ? ಆಮೇಲೆ ನೀನು ಬಿಸ್ಕತ್ತು ತಿಂತಾ ಮಾತಾಡ್ದೆ."

ಎರಡೂ ನಿಜ. ಅವಳ ಮೇಲಿನ ಸಾಹೇಬರಿಗೂ, ಅಂದರೆ ನಿಲ್ದಾಣದ ಕಂಟ್ರೋಲರಿಗೂ, ಇಷ್ಟು ಸೂಕ್ಷ್ಮವಾದ ಕಿವಿ ಇರಲಿಲ್ಲ. ಕಂಟ್ರೋಲರು ಒಂದೇ ಒಂದು ವಿಷಯದಲ್ಲಿ ಕಟ್ಟುನಿಟ್ಟು. ಯಾವುದಾದರೂ ಬಸ್ಸು ನಿಲ್ಲುವ ಅಂಕಣವನ್ನೋ ಹೊರಡುವ ಸಮಯವನ್ನೋ ತಪ್ಪಾಗಿ ಹೇಳಿದರೆ ತಿದ್ದುಪಡಿಯನ್ನು ಮೂರು ಸಲ ಹೇಳಬೇಕು, ತಪ್ಪು ಹೇಳಿದವರೇ ಹೇಳಬೇಕು. "ಮೊದಲನೇ ಸಲ ಯಾರೂ ಕೇಳಿಸ್ಕೊಳ್ಳಲ್ಲ, ಎರಡನೇ ಸಲ ಯಾರೂ ನಂಬಲ್ಲ, ಮೂರನೇ ಸಲ ಎದ್ದು ನಿಂತ್ಕೋತಾರೆ" ಎನ್ನುವುದು ಅವರ ಲೆಕ್ಕಾಚಾರ. ಚೂಟಿಗೆ ಇದೂ ಗೊತ್ತಿತ್ತು. ತಿದ್ದುಪಡಿ ಬಂದರೆ ಬೆರಳು ಮಡಚಿ ಎಣಿಸುತ್ತಿದ್ದಳು.

ಎರಡನೆಯ ಬಸುರಿನಲ್ಲಿ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಮೈಕಮ್ಮ ಸುಸ್ತಾಗಿ ಹಣ್ಣಾಗಿದ್ದಳು. ಮೊದಲನೆಯ ಸಲ ಸುಸ್ತಾದರೆ ಮಲಗಬಹುದಿತ್ತು. ಈಗ ಮಲಗಿದರೆ ಹೊಟ್ಟೆಯ ಮೇಲೆ ಒಂದು ಮಗು, ಒಳಗೆ ಇನ್ನೊಂದು. ಮೈಕಿನ ಗೂಡಿನಲ್ಲಿ ಕೂತರೆ ಹೊಟ್ಟೆ ಮೇಜಿಗೆ ತಾಗಿ ಮೈಕು ಗೇಣುದ್ದ ದೂರ ಉಳಿಯುತ್ತಿತ್ತು. ಉಸಿರು ಸಾಲುತ್ತಿರಲಿಲ್ಲ. "ಹದಿನೇಳನೇ ನಂಬರಿನ ಬಸ್ಸು ಹೊರಡಲು" ಎಂದು ನಿಲ್ಲಿಸಿ, ಒಂದು ಉಸಿರು ಎಳೆದು, "ಸಿದ್ಧವಾಗಿದೆ" ಎನ್ನುವಷ್ಟರಲ್ಲಿ ಅರ್ಧ ಜನ ಗಾಬರಿಯಿಂದ ಓಡಿ ಬಸ್ಸು ಹತ್ತಿಬಿಡುತ್ತಿದ್ದರು. ಡ್ರೈವರುಗಳಿಗೆ ಇದು ಬಹಳ ಅನುಕೂಲವಾಗಿತ್ತು.

ಚೂಟಿ ತಂಗಿಯೋ ತಮ್ಮನೋ ಎಂದು ತಲೆ ಕೆಡಿಸಿಕೊಂಡಿರಲಿಲ್ಲ. ಅವಳು ಕೇಳಿದ್ದು ಒಂದೇ.

"ಪಾಪು ಹುಟ್ಟೋ ದಿನ ನಂಗೆ ಮೊದ್ಲೇ ಹೇಳ್ಬೇಕು. ಆಮೇಲೆ ಹೇಳೋದಲ್ಲ."

"ಹೇಳ್ತೀನಿ ಮಾರಾಯ್ತಿ. ನಿಂಗೆ ಹೇಳದೆ ಇನ್ಯಾರಿಗೆ ಹೇಳ್ಲಿ?"

ಸೋಮವಾರದಿಂದ ರಜೆ ಬರೆದುಕೊಟ್ಟಿದ್ದಳು. ಕೂಸಿಗೆ ಅಷ್ಟು ತಾಳ್ಮೆ ಇರಲಿಲ್ಲ. ಭಾನುವಾರ ಬೆಳಗ್ಗೆ ಏಳೂವರೆಗೆ, ಡ್ಯೂಟಿ ಸೀರೆ ಉಡುತ್ತಿದ್ದಾಗ, ಸೊಂಟದಿಂದ ನೋವು ಸುತ್ತಿಕೊಂಡು ಬಂತು. ಗಂಡ ನೂರಾರು ಮೈಲಿ ಆಚೆ. ಅತ್ತೆ ಜೊತೆಗೆ ಆಸ್ಪತ್ರೆಗೆ ಹೋಗಲು ಕೆಳಗಿನ ಮನೆಯ ಟೈಲರಕ್ಕನನ್ನು ಕೂಗಿ, ಬಟ್ಟೆಯ ಚೀಲ ತುಂಬಿ, ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದಳು:

"ಆ ಹುಡುಗಿಗೆ ಈಗ ಹೇಳ್ಬೇಡ ಕಣೆ. ರಂಪ ಮಾಡಿ ನಿನ್ನ ಸೆರಗು ಬಿಡಲ್ಲ. ಡ್ಯೂಟಿಗೆ ಅನ್ನು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಮೈಕಮ್ಮ ಗೋಡೆ ಹಿಡಿದು ನಿಂತಿದ್ದಳು. ಆ ಹೊತ್ತಿನಲ್ಲಿ ಯಾರು ಏನು ಹೇಳಿಕೊಟ್ಟಿದ್ದರೂ ಹೇಳುತ್ತಿದ್ದಳು.

"ಚೂಟಿ, ಡ್ಯೂಟಿಗೆ ಹೋಗ್ಬರ್ತೀನಮ್ಮ."

"ಚೀಲ ಯಾಕೆ ಅಷ್ಟು ದೊಡ್ಡದು?"

"ಒಗೆಯೋಕೆ ಕೊಡೋ ಬಟ್ಟೆ."

ಇಡೀ ಊರಿನಲ್ಲಿ ಅಮ್ಮ ಡ್ಯೂಟಿಯಲ್ಲಿದ್ದಾಳೋ ಇಲ್ಲವೋ ಎಂದು ಕೂತಲ್ಲೇ ಪರೀಕ್ಷೆ ಮಾಡಬಲ್ಲ ಮಗು ಇದ್ದದ್ದು ಒಂದೇ. ಆ ಮಗುವಿಗೇ ಈ ಸುಳ್ಳು ಹೇಳಬೇಕೆಂದು ಇಬ್ಬರು ದೊಡ್ಡವರ ತಲೆಗೆ ಹೊಳೆದಿತ್ತು.

ಮುಂದೆ ಏನಾಯಿತೆಂದು ಅತ್ತೆಯೇ ಆಮೇಲೆ ಹೇಳಿದಳು. ಎಂಟು ಗಂಟೆಗೆ ಚೂಟಿ ಸ್ಟೂಲಿನ ಮೇಲೆ ಕೂತಳು. ಧ್ವನಿವರ್ಧಕದಲ್ಲಿ ಕೆಮ್ಮಿಕೊಂಡು ಮಾತಾಡಿದವನು ಪಾಸ್ ಕೌಂಟರಿನ ಗುಮಾಸ್ತ.

"ಅಜ್ಜಿ, ಅಮ್ಮ ಅಲ್ಲಿಲ್ಲ."

"ಮೈಕ್ ಕೆಟ್ಟಿದೆಯಂತೆ ಪುಟ್ಟಿ."

"ಕೆಟ್ಟಿದ್ರೆ ಆ ಮಾಮ ಹೇಗೆ ಮಾತಾಡ್ತಿದ್ದಾರೆ?"

ಹತ್ತು ಗಂಟೆಗೆ ಅಮ್ಮ ಟೀ ಕುಡಿಯಲು ಹೋಗಿದ್ದಳು. ಹನ್ನೆರಡಕ್ಕೆ ಕಂಟ್ರೋಲರ ಜೊತೆ ಮೀಟಿಂಗು. ಎರಡಕ್ಕೆ ಅತ್ತೆಯ ಬಳಿ ಸುಳ್ಳುಗಳು ಮುಗಿದು, ಅವಳು ಬೇಳೆ ಆರಿಸುವವಳಂತೆ ಮುಖ ತಗ್ಗಿಸಿ ಕೂತಳು. ಚೂಟಿ ಅಳಲಿಲ್ಲ, ರಂಪವನ್ನೂ ಮಾಡಲಿಲ್ಲ. ಐದು ಗಂಟೆಯ ತನಕ ಕೂತು, ಸ್ಟೂಲನ್ನು ಒಳಗೆ ಇಟ್ಟು, ಗೋಡೆಗೆ ಮುಖ ಮಾಡಿ ಮಲಗಿದಳು.

ಮೂರನೆಯ ದಿನ ಕೂಸು ಮನೆಗೆ ಬಂತು. ಹೆಣ್ಣು. ಕೆಂಪಗೆ, ಮುಷ್ಟಿ ಬಿಗಿದುಕೊಂಡು, ಜಗತ್ತಿನ ಮೇಲೆಲ್ಲ ಸಿಟ್ಟು ಬಂದವರಂತಿತ್ತು. ಚೂಟಿ ಹತ್ತಿರ ಬಂದು ನೋಡಿದಳು.

"ಇದು ಯಾವಾಗ ಬಂತು?"

"ಭಾನುವಾರ ಕಣೇ ಬಂಗಾರ."

"ಎಷ್ಟು ಗಂಟೆಗೆ?"

"ಎರಡೂ ಇಪ್ಪತ್ತಕ್ಕೆ."

ಚೂಟಿ ಒಂದು ಕ್ಷಣ ಯೋಚಿಸಿದಳು. "ಆಗ ನೀನು ಡ್ಯೂಟೀಲಿದ್ದೆ" ಎಂದಳು. ಮೈಕಮ್ಮ ಕೂಸಿನ ಹೊದಿಕೆ ಸರಿಮಾಡತೊಡಗಿದಳು. ಟೈಲರಕ್ಕ ನಕ್ಕಳು, ಅತ್ತೆಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಯಿತು.

ಅಲ್ಲಿಂದ ಆ ಮನೆಯಲ್ಲಿ ಮೈಕಮ್ಮನ ಮಾತಿಗೆ ಬೆಲೆ ಹೋಯಿತು. ಹಾಲು ಬಿಸಿ ಇಲ್ಲ ಕುಡಿ ಎಂದರೆ ಚೂಟಿ ಬೆರಳು ಅದ್ದಿ ನೋಡುತ್ತಿದ್ದಳು. ಬಚ್ಚಲಿಗೆ ಹೋಗಿ ಬರುತ್ತೇನೆಂದರೆ ಬಾಗಿಲ ಹೊರಗೆ ಕಾವಲು ನಿಲ್ಲುತ್ತಿದ್ದಳು. ಎಲ್ಲಕ್ಕೂ "ಅಜ್ಜಿ, ನಿಜಾನಾ?" ಎಂದು ಮೊಹರು ಹಾಕಿಸಿಕೊಳ್ಳುತ್ತಿದ್ದಳು. ಸುಳ್ಳಿನ ಉಪಾಯ ಕೊಟ್ಟ ಮಹಾತಾಯಿಯೇ ಈಗ ನಿಜಕ್ಕೆ ಜಾಮೀನು! ಇದನ್ನು ನೋಡಿ ಮೈಕಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಉರಿಯುವುದಕ್ಕೂ ಮೈಯಲ್ಲಿ ಶಕ್ತಿ ಬೇಕು. ಕೂಸು ಗಂಟೆಗೊಮ್ಮೆ ಹಾಲಿಗೆ ಏಳುತ್ತಿತ್ತು. ಕುಡಿದರೆ ಕಕ್ಕುತ್ತಿತ್ತು, ಕಕ್ಕಿದರೆ ಮತ್ತೆ ಹಸಿಯುತ್ತಿತ್ತು. ಹಗ್ಗದ ಮೇಲಿನ ಬಟ್ಟೆ ಒಣಗುವ ಮೊದಲೇ ಬಕೆಟ್ಟು ತುಂಬುತ್ತಿತ್ತು. ಒಂದು ದಿನ ಹಾಲಿನ ಪಾತ್ರೆಯನ್ನು ಬಟ್ಟೆಯ ಬೀರುವಿನಲ್ಲಿಟ್ಟು ಮನೆಯೆಲ್ಲ ಹುಡುಕಿದಳು. ಇನ್ನೊಂದು ದಿನ ಫ್ರಿಜ್ಜಿಗೆ ಒರಗಿ ನಿಂತಲ್ಲೇ ನಿದ್ದೆ ಹೋಗಿ "ನಾಲ್ಕನೇ ಅಂಕಣ" ಎಂದು ಬಡಬಡಿಸಿದಳು. ಮನೆಗೆ ಬಂದ ಗಂಡ ಕೂಸನ್ನು ಎತ್ತಿಕೊಂಡು, "ನೀನು ಮಲಕ್ಕೋ, ನಾನಿದ್ದೀನಲ್ಲ" ಎಂದು ಹೇಳಿ, ಕೂಸಿಗಿಂತ ಮೊದಲು ತಾನೇ ಗೊರಕೆ ಹೊಡೆಯುತ್ತಿದ್ದ. ಪಾಪ, ಅವನೂ ಎರಡು ದಿನ ಸ್ಟೀರಿಂಗು ಹಿಡಿದು ಬಂದವನು, ಬೈಯಲು ಮನಸ್ಸಾಗುತ್ತಿರಲಿಲ್ಲ.

ನಾಲ್ಕನೆಯ ವಾರ ಚೂಟಿ ಶಾಲೆಗೆ ಹೋಗುವುದನ್ನು ನಿಲ್ಲಿಸಿದಳು. ಹೊಟ್ಟೆನೋವು ಎಂದಳು, ಕಾಲುನೋವು ಎಂದಳು, ಕೊನೆಗೆ ಕಾರಣ ಹೇಳುವುದನ್ನೂ ಬಿಟ್ಟಳು. ಮೈಕಮ್ಮನಿಗೆ ಕಾರಣ ಗೊತ್ತಿತ್ತು. ತಾನು ಅತ್ತ ಹೋದರೆ ಅಮ್ಮ ಇತ್ತ ಹೋಗಿಬಿಟ್ಟರೆ? ಇನ್ನೆರಡು ತಿಂಗಳಿಗೆ ನಿಜವಾಗಿಯೂ ಡ್ಯೂಟಿಗೆ ಹೋಗಬೇಕು. ಆಗ ಈ ಮಗು ಬಾಗಿಲಲ್ಲಿ ಅಡ್ಡ ಮಲಗಿದರೆ? ಅದಕ್ಕಿಂತ ಹೆಚ್ಚಾಗಿ, ಸಂಜೆಯ ಆ ವರದಿ ನಿಂತೇ ಹೋಗಿತ್ತು. ತನ್ನ ದನಿಯಲ್ಲಿ ಬಿಸ್ಕತ್ತಿನ ಚೂರನ್ನೂ ಕೇಳಬಲ್ಲ ಕಿವಿ ಈಗ ತನ್ನ ಮಾತನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹಾಲೂಡುತ್ತ ಕೂತಾಗ ಅವಳಿಗೆ ಈ ಯೋಚನೆ ಬಂದು ಅಳು ಬರುತ್ತಿತ್ತು. ಅಳುತ್ತ ಅಳುತ್ತ ತೂಕಡಿಸುತ್ತಿದ್ದಳು.

ಆರನೆಯ ವಾರ ಕೂಸಿಗೆ ಚುಚ್ಚುಮದ್ದು. ಹನ್ನೊಂದಕ್ಕೆ ಆಸ್ಪತ್ರೆಯಲ್ಲಿರಬೇಕು. ಹತ್ತೂವರೆಗೆ ಕೂಸಿಗೆ ಬಟ್ಟೆ ತೊಡಿಸಿ, ಕಾರ್ಡು ಹುಡುಕಿ, ಟೈಲರಕ್ಕ ನಿಲ್ಲಿಸಿಟ್ಟ ಆಟೋ ಕೆಳಗೆ ಹಾರ್ನ್ ಹೊಡೆಯುತ್ತಿರುವಾಗ ನೋಡುತ್ತಾಳೆ, ಚಪ್ಪಲಿ ಇಲ್ಲ. ಹಳೆಯ ಜೊತೆಯೂ ಇಲ್ಲ. ಅತ್ತೆಯ ಚಪ್ಪಲಿಯೂ ಮಾಯ.

"ಚೂಟಿ, ಚಪ್ಪಲಿ ಎಲ್ಲಿ?"

ಹುಡುಗಿ ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತಿತ್ತು.

"ಆಸ್ಪತ್ರೆಗೆ ಹೋಗ್ಬಂದ್ಬಿಡ್ತೀನಿ ಅಂತ ಹೇಳಿದ್ನಲ್ಲ! ಎಲ್ಲಿಟ್ಟಿದ್ದೀಯ ಹೇಳು!"

"ಅಜ್ಜಿ, ನಿಜಾನಾ?"

ಆರು ವಾರದ ನಿದ್ದೆಗೆಟ್ಟ ತಲೆ ಅಲ್ಲಿಗೆ ಕೆಟ್ಟಿತು. ಮೈಕಮ್ಮ ಕಿರುಚಿದಳು. ಹನ್ನೊಂದು ವರ್ಷ ಮೈಕಿನ ಮುಂದೆ ಪಳಗಿದ ಗಂಟಲು ಅದು. ಓಣಿಯಲ್ಲಿ ತರಕಾರಿ ಆರಿಸುತ್ತಿದ್ದವರು ತಲೆಯೆತ್ತಿ ನೋಡಿದರು. ಕೂಸು ಬೆಚ್ಚಿ ಅಳತೊಡಗಿತು. ಎತ್ತಿದ ಕೈಯನ್ನು ಅವಳು ಹೇಗೋ ತಡೆದುಕೊಂಡಳು. ಚೂಟಿ ಮಾತ್ರ ಅಲ್ಲಾಡಲಿಲ್ಲ. ಆಗ ಕಿಟಕಿಯಾಚೆಯಿಂದ ಗುಮಾಸ್ತನ ಕೆಮ್ಮು ಕೇಳಿಸಿತು.

"ದಯವಿಟ್ಟು ಗಮನಿಸಿ. ಐದನೇ ಅಂಕಣ ಎಂದು ತಪ್ಪಾಗಿ ಪ್ರಕಟಿಸಲಾಗಿದ್ದ ಇಪ್ಪತ್ತೊಂದನೇ ನಂಬರಿನ ಬಸ್ಸು ಎರಡನೇ ಅಂಕಣದಿಂದ ಹೊರಡುತ್ತದೆ. ಅಡಚಣೆಗಾಗಿ ವಿಷಾದಿಸುತ್ತೇವೆ."

ಚೂಟಿ ಒಂದು ಬೆರಳು ಮಡಚಿದಳು. ಗುಮಾಸ್ತ ಮತ್ತೊಮ್ಮೆ ಹೇಳಿದ. ಇನ್ನೊಂದು ಬೆರಳು. ಆಮೇಲೆ ಕಟಕ್ಕೆಂದು ಮೈಕು ಆರಿತು. ಬೆರಳುಗಳನ್ನು ಹಾಗೇ ಹಿಡಿದುಕೊಂಡು ಚೂಟಿ ಕಾದಳು. ಎಷ್ಟು ಹೊತ್ತಾದರೂ ಮೂರನೆಯದು ಬರಲಿಲ್ಲ.

"ಇನ್ನೊಂದು ಬಾಕಿ ಇದೆ" ಎಂದಳು, ತನಗೇ ಎಂಬಂತೆ.

ಮೈಕಮ್ಮ ಕೂಸನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕುಸಿದು ಕೂತಳು. ಒಂದಲ್ಲ, ತನ್ನದು ಮೂರೂ ಬಾಕಿ ಇದೆ. ಆರು ವಾರದಲ್ಲಿ ಮುದ್ದು ಮಾಡಿದ್ದಳು, ಗೊಂಬೆ ತರಿಸಿದ್ದಳು, ಗದರಿದ್ದಳು. ತಪ್ಪಾಯಿತು ಎಂದು ಮಾತ್ರ ಒಂದು ಸಲವೂ ಹೇಳಿರಲಿಲ್ಲ. ಆಟೋದವನು ಮತ್ತೆ ಹಾರ್ನ್ ಹೊಡೆದ. ಹೊಡೆದುಕೊಳ್ಳಲಿ ಎಂದುಕೊಂಡಳು. ಗಂಟಲು ಸರಿಮಾಡಿಕೊಂಡು, ಎಷ್ಟೋ ದಿನದಿಂದ ಬಳಸದ ಆ ದನಿಯಲ್ಲಿ ಶುರುಮಾಡಿದಳು.

"ದಯವಿಟ್ಟು ಗಮನಿಸಿ. ಭಾನುವಾರ ಬೆಳಗ್ಗೆ ಅಮ್ಮ ಡ್ಯೂಟಿಗೆ ಹೋಗುತ್ತಿದ್ದಾರೆ ಎಂದು ತಪ್ಪಾಗಿ ಪ್ರಕಟಿಸಲಾಗಿತ್ತು. ಅಮ್ಮ ಪಾಪುವನ್ನು ಕರೆತರಲು ಆಸ್ಪತ್ರೆಗೆ ಹೋಗಿದ್ದರು. ಅಡಚಣೆಗಾಗಿ ವಿಷಾದಿಸುತ್ತೇವೆ."

ಚೂಟಿ ತಿರುಗಲಿಲ್ಲ. ಮಡಚಿದ್ದ ಎರಡು ಬೆರಳುಗಳನ್ನು ಬಿಡಿಸಿ, ಹೊಸದಾಗಿ ಒಂದನ್ನು ಮಡಚಿದಳು.

"ದಯವಿಟ್ಟು ಗಮನಿಸಿ. ಅಮ್ಮ ಡ್ಯೂಟಿಗೆ ಹೋಗಿರಲಿಲ್ಲ. ಚೀಲದಲ್ಲಿ ಇದ್ದದ್ದು ಒಗೆಯುವ ಬಟ್ಟೆ ಅಲ್ಲ, ಪಾಪುವಿನ ಬಟ್ಟೆ. ಚೂಟಿಗೆ ಮೊದಲೇ ಹೇಳುತ್ತೇನೆಂದು ಮಾತು ಕೊಟ್ಟು ಹೇಳಲಿಲ್ಲ. ಮೈಕೂ ಕೆಟ್ಟಿರಲಿಲ್ಲ."

ಅತ್ತೆ ಒಳಗಿನಿಂದ, "ಅದನ್ನ ನಾನು ಹೇಳಿದ್ದು ಕಣೆ" ಎಂದು ಸಣ್ಣ ದನಿಯಲ್ಲಿ ಒಪ್ಪಿಕೊಂಡಳು.

ಮೂರನೆಯದಕ್ಕೆ ಮೈಕಮ್ಮ "ದಯವಿಟ್ಟು" ಎಂದಳು. ಮುಂದಿನದು ಬರಲಿಲ್ಲ. ಇಡೀ ದಿನ ಸ್ಟೂಲಿನ ಮೇಲೆ ಕೂತಿದ್ದ ಮಗುವಿನ ಬೆನ್ನು ಅವಳ ಕಣ್ಣೆದುರು ಬಂದು, ಆರು ವಾರದ ಸುಸ್ತೆಲ್ಲ ಒಮ್ಮೆಗೇ ಕಣ್ಣಿಂದ ಇಳಿಯತೊಡಗಿತು. ಬಾಯಿ ತೆರೆದರೆ ಬರೀ ಉಸಿರು.

ಚೂಟಿ ಈಗ ತಿರುಗಿ ನೋಡಿದಳು. ಹತ್ತಿರ ಬಂದು ಅಮ್ಮನ ಮುಖವನ್ನೂ ಅಳುವ ಕೂಸನ್ನೂ ಪರೀಕ್ಷಿಸಿದಳು. ಆಮೇಲೆ ಕೈ ಹಿಂದೆ ಕಟ್ಟಿಕೊಂಡು, ಅಮ್ಮ ಉಸಿರು ಎಳೆಯುತ್ತಿದ್ದ ಜಾಗದಲ್ಲೇ ತಾನೂ ಉಸಿರು ಎಳೆದು, ತಂಗಿಗೆ ಹೇಳಿದಳು:

"ದಯವಿಟ್ಟು ಗಮನಿಸಿ. ಅಮ್ಮ ಆಸ್ಪತ್ರೆಗೆ ಹೋಗಿದ್ದರು. ಅಕ್ಕನಿಗೆ ಗೊತ್ತಿರಲಿಲ್ಲ. ಅಕ್ಕ ಕಾಯ್ತಾ ಇದ್ದಳು. ಅಡಚಣೆಗಾಗಿ ವಿಷಾದಿಸುತ್ತೇವೆ."

ಮೂರನೆಯ ಬೆರಳು ಮಡಚಿಕೊಂಡಿತು. ಅವಳು ಒಳಗೆ ಹೋಗಿ ವಾರಗಟ್ಟಲೆ ಹೆಗಲಿಗೇರದ ಶಾಲೆಯ ಬ್ಯಾಗನ್ನು ಎಳೆದುಕೊಂಡು ಬಂದಳು. ಪುಸ್ತಕಗಳ ನಡುವಿನಿಂದ ಚಪ್ಪಲಿಗಳು ಒಂದೊಂದಾಗಿ ಹೊರಬಂದವು. ಅಮ್ಮನ ಜೊತೆಯನ್ನು ಸರಿಯಾದ ಕಾಲಿಗೆ ಸರಿಯಾಗಿ ಜೋಡಿಸಿಟ್ಟಳು.

"ಎಷ್ಟು ಗಂಟೆಗೆ ವಾಪಸ್ ಬರ್ತೀಯ?"

ಈಗಲೇ ಬಂದುಬಿಟ್ಟೆ ಎನ್ನುವ ಮಾತು ಮೈಕಮ್ಮನ ನಾಲಗೆಯ ತುದಿಗೆ ಬಂದಿತ್ತು. ಎಲ್ಲ ಅಮ್ಮಂದಿರ ನಾಲಗೆಯಲ್ಲೂ ಅದು ಸದಾ ಸಿದ್ಧವಿರುತ್ತದೆ. ಅದನ್ನು ನುಂಗಿಕೊಂಡಳು.

"ಗೊತ್ತಿಲ್ಲ ಕಂದ. ಅಲ್ಲಿ ತುಂಬಾ ಜನ ಇರ್ತಾರೆ. ಮಧ್ಯಾಹ್ನ ಆಗ್ಬಹುದು. ಇನ್ನೂ ತಡ ಆದ್ರೂ ಆಗ್ಬಹುದು."

ಚೂಟಿ ಅಜ್ಜಿಯ ಕಡೆ ನೋಡಲಿಲ್ಲ.

"ಸರಿ" ಎಂದಳು. "ತಡ ಆಗುತ್ತೆ ಅಂತ ಮೊದ್ಲೇ ಹೇಳಿದ್ರೆ ಕಾಯ್ಬಹುದು."

ಮೈಕಮ್ಮ ಚಪ್ಪಲಿ ಮೆಟ್ಟಿ, ಕೂಸನ್ನು ಹೆಗಲಿಗೆ ಹಾಕಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದಳು. ಮೇಲೆ ಸ್ಟೂಲು ಎಳೆದ ಸದ್ದು ಕೇಳಿಸಿತು.