ಕಾರ್ಡಿನಲ್ಲರ ಕಟ್ಟಿದ ಕೈ

ನೊಣ ಮತ್ತೆ ಮೂಗಿನ ಮೇಲೇ ಕೂತಿತು, ಎದ್ದು ಒಂದು ಸುತ್ತು ಹಾಕಿ ಮತ್ತೆ ಅಲ್ಲಿಗೇ, ಎಷ್ಟು ಧೈರ್ಯ ನೋಡು, ಹೊಡೆಯೋಣವೆಂದರೆ ಎರಡೂ ಕೈ ಕಟ್ಟಿದ್ದಾರೆ, ಅಂಗೈಗೆ ಅಂಗೈ ಸೇರಿಸಿ, ನಡುವೆ ಬಿಷಪ್ಪರು ಈಗಷ್ಟೇ ಹಚ್ಚಿದ ಗುರುದೀಕ್ಷೆಯ ಎಣ್ಣೆ, ಮೇಲೆ ಸುತ್ತಿದ ಬಿಳಿ ಬಟ್ಟೆ — ಕಾರ್ಡಿನಲ್ ತೆಯೊಡೊರೊ ಬ್ರಂದಾಲಿಗೆ ನಗು ಬಂತು, ರೋಮಿನಲ್ಲಿ ತನ್ನದೇ ಅರಮನೆ, ತನ್ನದೇ ಪ್ರಾರ್ಥನಾ ಮಂದಿರ, ಎಪ್ಪತ್ತು ವರ್ಷದ ಮಂಡಿ ಅಮೃತಶಿಲೆಯ ಮೇಲೆ ಚುಳುಚುಳು ಅನ್ನುತ್ತಿದೆ, ಆದರೂ ಒಂದು ನೊಣ ಓಡಿಸುವ ಅಧಿಕಾರ ತನಗಿಲ್ಲ. ಈ ಕೈಗಳೇನು ಕಡಿಮೆ ಮಾಡಿದವೇ, ಇವು ಸಹಿ ಹಾಕಿದ್ದಕ್ಕೆ ಜೌಗು ನೆಲದ ನೀರು ಕಾಲುವೆಗೆ ಇಳಿಯಿತು, ಚಳಿಜ್ವರದಿಂದ ಹಳದಿಯಾಗಿದ್ದ ಹಳ್ಳಿಗಳಲ್ಲಿ ಗೋಧಿ ಬಂತು, ಕಾಲರಾ ಬೇಸಿಗೆಯಲ್ಲಿ ಎಲ್ಲರೂ ಶಪಿಸುತ್ತಿದ್ದರೂ ಊರ ಬಾಗಿಲು ಹಾಕಿಸಿದ, ಊರು ಉಳಿಯಿತು, ಬೀದಿಗೆ ಗ್ಯಾಸ್ ದೀಪ ತರಿಸಿದ, ಅದಕ್ಕೂ ಹಿರಿಯರೊಬ್ಬರ ತಕರಾರು, ಅಲ್ರೀ ಬ್ರಂದಾಲಿ, ಬೀದಿ ತುಂಬ ಬೆಳಕು ಮಾಡ್ಬಿಟ್ರೆ ಕಳ್ಳರು ಪಾಪ ಎಲ್ಲಿಗೆ ಹೋಗ್ಬೇಕು, ನಿಮ್ಮನೆಗೇ ಬರ್ಲಿ ಬಿಡಿ ಸ್ವಾಮಿ, ಇವನು ಅಂದಿದ್ದ, ಅವರು ಒಂದು ವಾರ ಮಾತು ಬಿಟ್ಟಿದ್ದರು. ಚೆನ್ನಾಗಿಯೇ ಬದುಕಿದೆ, ಸುಳ್ಳೇಕೆ ಹೇಳಲಿ, ರಾತ್ರಿ ತಲೆಯಿಟ್ಟರೆ ನಿದ್ದೆ ಬರುತ್ತದೆ. ಕಾನೂನು ಓದಿ ಆಡಳಿತಕ್ಕೆ ಬಂದವನು, ಗುರುವಾಗುವ ಮೊದಲಿನ ಮೆಟ್ಟಿಲು, ಡೀಕನ್, ಅಲ್ಲಿಗೇ ನಿಂತ, ಕಾರ್ಡಿನಲ್ ಆಗಲು ಅಷ್ಟು ಸಾಕು, ಕೆಂಪು ಟೋಪಿ ಬರುತ್ತದೆ, ಪೋಪರನ್ನು ಆರಿಸುವ ಹಕ್ಕು ಬರುತ್ತದೆ, ಪೂಜೆ ಅರ್ಪಿಸುವ ಹಕ್ಕು ಮಾತ್ರ ಬರುವುದಿಲ್ಲ — ಇದನ್ನು ಮೊಂತೆಸ್ಪಿನೊ ಬೆಟ್ಟದವರಿಗೆ ಯಾರು ಹೇಳಬೇಕಿತ್ತು.

ಯಾರೂ ಹೇಳಿರಲಿಲ್ಲ, ಹೊಸ ಕೆಂಪು ನಿಲುವಂಗಿ ಹಾಕಿಕೊಂಡು ಹುಟ್ಟೂರಿಗೆ ಹೋದರೆ ಚರ್ಚು ಕಿಕ್ಕಿರಿದಿದೆ, ಆರೂ ಮೇಣದ ಬತ್ತಿ ಉರಿಯುತ್ತಿವೆ, ಹೆಂಗಸರು ಕಾಣಿಕೆಗೆ ಜೀವಂತ ಕೋಳಿ ತಂದಿದ್ದಾರೆ, ಅವು ಒಳಗೇ ಕೊಕ್ಕೊಕ್ಕೋ ಅನ್ನುತ್ತಿವೆ, ಪೂಜೆ ಶುರು ಮಾಡಪ್ಪಾ ಕಾರ್ಡಿನಲ್ಲು, ಹೊಟ್ಟೆ ಹಸೀತಿದೆ — ನನಗೆ ಬರುವುದಿಲ್ಲ ಎಂದ, ಆಮೇಲೆ ತೇಪೆ ಹಾಕಿದ ಅಂಗಿಯ ಊರ ಗುರುವೇ ಪೂಜೆ ಮಾಡಿದರು, ಕಾರ್ಡಿನಲ್ ಮಂಡಿಯೂರಿದ, ಹಿಂದಿನಿಂದ ಅಕ್ಕನ ದನಿ, ಎರ್ಸಿಲಿಯಾಳ ದನಿ ಕಿವಿ ಮಂದವಾಗುವ ಮೊದಲೂ ಗಟ್ಟಿಯೇ, ಅಷ್ಟೊಂದು ಕೆಂಪು ಸುತ್ಕೊಂಡು ಒಂದು ಪೂಜೆ ಮಾಡೋಕೆ ಬರಲ್ವಂತಲ್ಲೋ ತೆಯೊ, ಮುಖ ಎಲ್ಲಿಡ್ಲಿ ನಾನು. ಅಕ್ಕಾ, ಮುಂದಿನ ವರ್ಷ, ಈ ಕಾಲುವೆ ಮುಗೀಲಿ. ಕಾಲುವೆ ಮುಗಿಯಿತು, ಸೆರೆಮನೆ ರಿಪೇರಿ ಬಂತು, ಅದಾದ ಮೇಲೆ ದೀಪ, ಅವಳು ಪ್ರತಿ ಈಸ್ಟರಿಗೂ ಚೆಸ್ಟ್‌ನಟ್ ಕಾಯಿಯ ಹಿಟ್ಟು ಕಳಿಸುತ್ತಿದ್ದಳು, ಹೇಳಿಕಳಿಸುವುದು ಒಂದೇ ಮಾತು, ಎಣ್ಣೆ ಹಚ್ಚಿದ್ರಾ. ಈ ಚಳಿಗಾಲ ಹೇಳಿಕಳಿಸಲಿಲ್ಲ, ತಾನೇ ಬಂದಳು, ಕಾಲು ಊದಿದೆ, ಉಸಿರು ಸಾಲುವುದಿಲ್ಲ, ವೈದ್ಯರು ಬಾಗಿಲಾಚೆ ಕರೆದು ತಲೆಯಾಡಿಸಿದರು, ಇನ್ನೊಂದು ಚಳಿಗಾಲ ಕಾಣುವುದಿಲ್ಲ ಎಂದರು, ಆ ಮಧ್ಯಾಹ್ನವೇ ಬಿಷಪ್ಪರಿಗೆ ಹೇಳಿಕಳಿಸಿದ, ನನ್ನನ್ನು ಗುರು ಮಾಡಿ, ಬೇಗ.

ಬಟ್ಟೆ ಅವಳದೇ, ತಾನೇ ಅಗಸೆನಾರು ನೂತು ನೇಯ್ದದ್ದು, ಅವನು ಗುರುಗಳ ಶಾಲೆಗೆ, ಸೆಮಿನರಿಗೆ ಹೊರಟ ವರ್ಷ. ಹೊಸ ಗುರುವಿನ ಕೈಗೆ ಕಟ್ಟಿದ ಬಟ್ಟೆ ಹೆತ್ತವಳಿಗೆ ಸಲ್ಲಬೇಕು, ಅವಳ ಶವಪೆಟ್ಟಿಗೆಯಲ್ಲಿ ಅವಳ ಕೈಗೇ ಕಟ್ಟುತ್ತಾರೆ, ಮೇಲೆ ಹೋದಾಗ ತೋರಿಸಲಿಕ್ಕೆ, ನೋಡು ದೇವರೇ, ನಾನೊಬ್ಬ ಗುರುವಿನ ತಾಯಿ ಅಂತ. ತಾಯಿ ಇವನನ್ನು ಹೆತ್ತ ದಿನವೇ ಹೋದಳು, ಹದಿನಾಲ್ಕರ ಎರ್ಸಿಲಿಯಾ ಬಟ್ಟೆಯ ಚೂರನ್ನು ಆಡಿನ ಹಾಲಲ್ಲಿ ಅದ್ದಿ ಬಾಯಿಗಿಟ್ಟಳು, ಮದುವೆ ಬೇಡವೆಂದಳು, ಇವನನ್ನು ಬೆಟ್ಟ ಹತ್ತಿಸಿದಳು ಇಳಿಸಿದಳು, ಅಮ್ಮಾ ಎಂದರೆ ಮಾತ್ರ ಇವನ ಬಾಯಿ ಮುಚ್ಚುತ್ತಿದ್ದಳು, ಹಾಗನ್ಬೇಡ, ಅಮ್ಮ ಮಣ್ಣಲ್ಲಿದಾಳೆ, ನಾನು ಅಕ್ಕ, ಅವಳ ಜಾಗ ಕದ್ರೆ ನಂಗೆ ಪಾಪ ಬರತ್ತೆ. ನಿನ್ನೆ ಊಟದ ಮೇಜಲ್ಲಿ ಅದೇ ಜಗಳ, ಸಾರು ತಣ್ಣಗಾಗುವ ತನಕ, ಅಕ್ಕಾ, ಬಟ್ಟೆ ನಿನಗೇ, ಸುಮ್ನಿರೋ ಹುಚ್ಚಪ್ಪ, ಅಮ್ಮನ ಸಮಾಧಿಗೆ ಹೋಗ್ಲಿ ಅದು, ಮನೆಯ ಗುರು ದೋನ್ ಕಲ್ಲಿಸ್ತೊ ಬೇರೆ ಅವಳ ಕಡೆ, ಪ್ರಭುಗಳೇ, ತಾಯಿ ಇಲ್ಲದಿದ್ರೆ ಸಮಾಧಿಗೇ, ಅಕ್ಕಂಗೆ ಅಂತ ಎಲ್ಲೂ ಇಲ್ಲ. ಎಲ್ಲೂ ಇಲ್ಲದ್ದನ್ನೇ ನಲವತ್ತು ವರ್ಷ ಮಾಡಿಸಿದವನು ನಾನು, ನಿಮ್ಮಕ್ಕ ಒಪ್ಬೇಕಲ್ಲ ಪ್ರಭುಗಳೇ, ಹೌದು, ಅದೇ ಕಷ್ಟ, ಅವಳು ಒಪ್ಪಬೇಕು, ಇಡೀ ಪ್ರಾಂತವನ್ನು ಒಪ್ಪಿಸಬಹುದು, ಇವಳನ್ನಲ್ಲ. ಈಗ ಮೊದಲ ಸಾಲಿನಲ್ಲಿ ಒಂದೇ ಕುರ್ಚಿ, ಅದರ ಮೇಲೆ ಕರಿ ಶಾಲು, ಬೆಟ್ಟದ ಪದ್ಧತಿ, ಸತ್ತ ತಾಯಿಯ ಜಾಗ, ಶಾಲು ಹೊದಿಸಿದ್ದೂ ಇವಳೇ, ಹೊದಿಸಿ ಹಿಂದಿನ ಸಾಲಲ್ಲಿ ಕೂತಿದ್ದಾಳೆ.

ಕೈ ಬಿಚ್ಚುತ್ತಿದ್ದಾರೆ, ಗಾಳಿ ತಗುಲಿತು, ಎಣ್ಣೆ ಹೋಗಲೆಂದು ರೊಟ್ಟಿಯ ಚೂರು ಹಾಕಿ ಉಜ್ಜಿದರು, ನಿಂಬೆಹಣ್ಣು, ನೀರು, ಬಿಷಪ್ಪರು ಪಿಸುಗುಟ್ಟಿದರು, ಪ್ರಭುಗಳೇ, ಇನ್ಮೇಲೆ ನೀವೂ ನಮ್ಮ ಹಾಗೆ ದುಡಿಯೋರು, ಎಣ್ಣೆ ಕಲೆ ಬಿದ್ದ ಬಟ್ಟೆ ಮಡಚಿ ಬೆಳ್ಳಿ ತಟ್ಟೆಗೆ ಬಂತು, ದೋನ್ ಕಲ್ಲಿಸ್ತೊ ಅದನ್ನು ಹಿಡಿದು ಹೊರಟ, ಖಾಲಿ ಕುರ್ಚಿಯ ಮುಂದೆ ನಿಂತ. ತೆಯೊಡೊರೊ ತಿರುಗಿ ನೋಡಿದ, ನೋಡಬಾರದು, ನೋಡಿದ. ಅವಳೂ ನೋಡುತ್ತಿದ್ದಳು. ಬೇಡ ಅಕ್ಕಾ, ಸಮಾಧಿಯ ಕಲ್ಲಿಗೆ ಕೊಡಬೇಡ, ನಾನು ಅವಳನ್ನು ಕಂಡವನೇ ಅಲ್ಲ, ಕಂಡದ್ದು ನಿನ್ನನ್ನು — ವಿಧಿಯ ನಡುವೆ ಮಾತಾಡುವಂತಿಲ್ಲ, ಕಣ್ಣು ಮಂಜಾಯಿತು. ದೋನ್ ಕಲ್ಲಿಸ್ತೊ ಕುರ್ಚಿಗೆ ತಲೆಬಾಗಿ, ಸಮಾಧಿಗೆ ಕಳಿಸಲೆಂದು ತಟ್ಟೆಯನ್ನು ವಾಪಸು ತಿರುಗಿಸಿದ.

ಎಲ್ಲಿಗೆ ಹೊರಟ್ಯೋ, ಅಂದಳು ಎರ್ಸಿಲಿಯಾ, ಕಿವುಡಿಯ ದನಿ ಮಂದಿರವೆಲ್ಲ ತುಂಬಿತು, ಆಡಿನ ಹಾಲು ಕುಡಿಸಿದ್ದು ನಿಮ್ಮಪ್ಪನಾ, ಕೊಡು ಇಲ್ಲಿ, ಕೋಲೂರಿ ಎದ್ದಳು, ಯಾರೋ ಹಿಡಿಯಹೋದರೆ ಮೊಣಕೈಯಿಂದ ತಳ್ಳಿದಳು, ಕರಿ ಶಾಲನ್ನು ಕುರ್ಚಿಯಿಂದ ತೆಗೆದಳು, ಅಮ್ಮಾ, ಬೇಜಾರು ಮಾಡ್ಕೋಬೇಡ ಕಣೇ, ನಿಂಗೆ ನಾನೇ ಬಂದು ಹೇಳ್ತೀನಿ, ಅಂದಳು ಶಾಲಿಗೆ, ಅದನ್ನು ತೋಳ ಮೇಲೆ ಹಾಕಿಕೊಂಡಳು, ಆ ಕುರ್ಚಿಯಲ್ಲಿ ಕೂತಳು, ಬಿಷಪ್ಪರಿಗೆ ಮುಂದಿನ ಮಂತ್ರ ಮರೆತುಹೋಯಿತು, ತೆಯೊಡೊರೊನಿಗೆ ಪೂಜೆ ಮರೆತುಹೋಯಿತು ಕಾಲುವೆ ಮರೆತುಹೋಯಿತು ದೀಪಗಳು ಮರೆತುಹೋದವು, ಅವಳು ಬಟ್ಟೆಗೆ ಕೈ ಚಾಚಿದ್ದಳು, ಎರಡೂ ಕೈ, ಗಂಟುಗಟ್ಟಿದ ಬೆರಳು, ಅಂಗೈ ಮೇಲಾಗಿ, ಆ ಕೈ —