ಏಳು ಫೂಟಿನ ಕಂಬ

ಭಂಕೂರಿನ ಸಂಘಮಿತ್ರಾ ಹಿಮವನ್ನು ಕಣ್ಣಿಂದ ಕಂಡವಳಲ್ಲ. ಆದರೂ ಎಂಟು ತಿಂಗಳಿಂದ ಆಕೆಯ ಲ್ಯಾಪ್‌ಟಾಪಿನೊಳಗೆ ಹಿಮಾಲಯದ ಹನ್ನೊಂದು ಕಣಿವೆಗಳ ಹಿಮ ಬೀಳುತ್ತಿತ್ತು, ಕರಗುತ್ತಿತ್ತು. ಕಾಲೇಜಿನಲ್ಲಿ ಗಣಿತ ಕಲಿಸಿದ್ದ ವಾಡಿಯ ಸಿರಾಜುದ್ದೀನ ಸರ್ ಕೊಡಿಸಿದ ಕೆಲಸ. ಅಲ್ಲಿನ ಹಳೇ ರಜಿಸ್ಟರುಗಳ ಫೋಟೋ ಬರುತ್ತಿದ್ದವು. ಅಂಕಿಗಳನ್ನು ಕಂಪ್ಯೂಟರಿಗೆ ತುಂಬಿ, ಭೂಮಿ ಕಾದಂತೆ ಯಾವ ಕಣಿವೆಯ ಹಿಮ ಎಷ್ಟು ವರ್ಷಕ್ಕೆ ತೀರುತ್ತದೆಂದು ಹೇಳಬೇಕು. ಮೊದಲು ತೀರುವ ಐದು ಕಣಿವೆಗಳ ಪಟ್ಟಿ ಇಲಾಖೆಗೆ ಹೋಗಿ, ಅಲ್ಲಿನ ಊರುಗಳಿಗೆ ನೀರಿನ ಟ್ಯಾಂಕು. ಉಳಿದವಕ್ಕಿಲ್ಲ.

ಹತ್ತು ಕಣಿವೆಗಳಲ್ಲಿ ಗ್ರಾಫಿನ ಗೆರೆ ಇಳಿಯಿತು. ಒಂಬತ್ತನೆಯದರಲ್ಲಿ ಮಾತ್ರ ಏರಿತು. ಅಲ್ಲಿ ನಲವತ್ತು ಮನೆಯ ಒಂದು ಊರು. ಹಿಮ ಕರಗಿದ ನೀರು ಬಿಟ್ಟರೆ ಅದಕ್ಕೆ ಬೇರೆ ನೀರಿಲ್ಲ. ಆ ರಜಿಸ್ಟರಿನಲ್ಲಿದ್ದದ್ದು 'ಖಂಬಾ', ಅಂದರೆ ಕಂಬ, ಎಂಬ ಒಂದೇ ಕಲಂ. ಮೂವತ್ತು ವರ್ಷದ ಹಿಂದಿನ ಏಪ್ರಿಲ್ಲಿನಲ್ಲಿ ಒಂದು ಫೂಟು, ಹೋದ ಏಪ್ರಿಲ್ಲಿನಲ್ಲಿ ಆರು. ಇದು ಹೆಂಗ ಸಾಧ್ಯ ಎಂದು ಸರ್‌ಗೆ ಮೆಸೇಜು ಬರೆದು, ಇಷ್ಟೂ ತಿಳಿಯೋದಿಲ್ಲೇನು ಅಂದಾರೆಂದು ಅಳಿಸಿದ್ದಳು. ಎರಡು ಸಲ.

ಸರ್ ಮಾತ್ರ ಭಾಳ ಖುಷಿಯಾಗಿದ್ದರು. "ಎಲ್ಲಾ ಕಡಿ ಕಮ್ಮಿ ಆಗ್ಲಿಕತ್ತದ, ಇಲ್ಲಿ ಜಾಸ್ತಿ! ಇದರ ಮ್ಯಾಲ ದೊಡ್ಡ ಪೇಪರ್ ಆಗ್ತದ ನೋಡು ಬೇಟಾ."

ಪಟ್ಟಿ ಹೋಯಿತು. ಅದರಲ್ಲಿ ಒಂಬತ್ತನೆಯ ಕಣಿವೆ ಇರಲಿಲ್ಲ.

ಮರುವಾರ ಆಕೆಯ ಅಪ್ಪ ಭಗವಂತ ಖಣಿಯಿಂದ ಬಂದು, ಮುಖದ ಕಲ್ಲುಪುಡಿ ತೊಳೆದುಕೊಂಡು, ತಣ್ಣಗಿನ ಫರಸಿ ಕಲ್ಲಿನ ನೆಲದ ಮೇಲೆ ಕುಂತ. ಲ್ಯಾಪ್‌ಟಾಪಿನಲ್ಲಿ ಒಂಬತ್ತನೆಯ ಕಣಿವೆಯ ಹದಿನೈದು ವರ್ಷದ ಹಿಂದಿನ ಫೋಟೋ: ಹಿಮದಲ್ಲಿ ನೆಟ್ಟ, ಅಂಕಿ ಬರೆದ ಕಂಬ, ಪಕ್ಕದಲ್ಲಿ ಟೊಪ್ಪಿಗೆಯ ಮುದುಕ.

"ಇಂವ ಯಾರ ಬೇ?"

"ಬರ್ಫ್ ಅಳಿಯಾಂವ, ಯಪ್ಪಾ. ಎಷ್ಟು ಫೂಟ್ ಬಿದ್ದದ ಅಂತ ಬರಿತಾನ."

ಭಗವಂತ ಬಗ್ಗಿ ನೋಡಿ ನಕ್ಕ. "ಹುಚ್ಚಿ. ಬರ್ಫ್ ಎಲ್ಲಿ ಅಳ್ಯಾಕತ್ತಾನ? ಅಂಕಿ ನೋಡು, ಮ್ಯಾಲಿಂದ ತೆಳಗ ಇಳದಾವ. ನಾವು ಖಣಿ ದಂಡಿಗಿ ನಿಂತು ಹಗ್ಗ ಬಿಡಂಗಿಲ್ಲೇನು? ಕಲ್ಲು ಎಷ್ಟು ಉಳದದ ಅಂತ ಯಾರ ಅಳೀತಾರ? ಎಷ್ಟು ಖಾಲಿ ಆಗ್ಯದ ಅಂತ ಅಳೀತೀವಿ. ಇವನೂ ನಮ್ಮ ಮಂದ್ಯಾಗಿನವನೇ ಅದಾನ."

ಸಂಘಮಿತ್ರಾ ರಜಿಸ್ಟರಿನಲ್ಲಿ ಆ ಫೋಟೋ ತೆಗೆದ ದಿನದ ಪುಟ ತೆರೆದಳು. 'ಮೂರು' ಎಂದಿತ್ತು. ಹಿಮದ ಮೇಲೆ ಕಾಣುತ್ತಿದ್ದ ಕಂಬವೂ ಸರಿಯಾಗಿ ಮೂರೇ ಫೂಟು. ರಜಿಸ್ಟರಿನ ರಟ್ಟಿನ ಮೇಲೆ 'ಖಂಬಾ ಏಳು ಫೂಟು' ಎಂದಿತ್ತು; ಉಳಿದ ನಾಲ್ಕು ಹಿಮದಲ್ಲಿ ಹೂತಿದ್ದವು.

ಒಂದೊಂದೇ ಅಂಕಿಯನ್ನು ಏಳರಲ್ಲಿ ಕಳೆದು ಲೆಕ್ಕವನ್ನು ಮತ್ತೆ ಓಡಿಸಿದಳು. ಗೆರೆ ಉಳಿದ ಹತ್ತಕ್ಕಿಂತ ಜೋರಾಗಿ ಬಿತ್ತು. ಇನ್ನು ಒಂಬತ್ತು ವರ್ಷಕ್ಕೆ ಏಪ್ರಿಲ್ಲಿನಲ್ಲಿ ಹಿಮವೇ ಇಲ್ಲ. ಪಟ್ಟಿಯಲ್ಲಿ ಮೊದಲಿರಬೇಕಾಗಿದ್ದ ಊರು ಅದು.

ಸರ್‌ಗೆ ತಾನಾಗಿ ಫೋನು ಮಾಡಿದ್ದು ಅದೇ ಮೊದಲು. ಹೇಳಿದಳು. ಸರ್ ಪೂರಾ ಕೇಳಿಸಿಕೊಂಡರು.

"ಮುಂದಿನ ಪಟ್ಟಿ ಮೂರು ವರ್ಷಕ್ಕ ಅದ. ಆವಾಗ ಸರಿ ಮಾಡಮು. ಈಗ ಸುಮ್ಮನಿರು ಬೇಟಾ, ಅದರಾಗ ನನ್ನ ಹೆಸರದ."

"ನಂದೂ ಅದರಿ ಸರ್," ಅಂದಳು.

ಪಟ್ಟಿ ಹೋದವರಿಗೆಲ್ಲ ಅಂದೇ ಮೇಲ್ ಬರೆದಳು: ತಪ್ಪು ನನ್ನದು, ಲೆಕ್ಕ ಹೀಗಿದೆ. ನಾಲ್ಕು ದಿನಕ್ಕೆ ಉತ್ತರ ಬಂತು. ತಿದ್ದುಪಡಿ ದಾಖಲಾಗಿದೆ, ಕೆಲಸದ ಆದೇಶಗಳು ಹೊರಟಿರುವುದರಿಂದ ಮುಂದಿನ ಸಲ ಪರಿಗಣಿಸಲಾಗುವುದು. ಮೇ ತಿಂಗಳಿಂದ ಆಕೆಗೆ ಕೆಲಸವಿಲ್ಲವೆಂದು ಸರ್ ಬೇರೆ ತಿಳಿಸಿದರು.

ಏಪ್ರಿಲ್ ಕೊನೆಗೆ ಒಂಬತ್ತನೆಯ ಕಣಿವೆಯ ಆ ತಿಂಗಳ ಹೊಸ ಪುಟ ಬಂತು. ಹೊರಗೆ ಕಾದ ಕಲ್ಲಿನ ವಾಸನೆ. ಭಗವಂತ ಬಾಗಿಲಲ್ಲೇ ನಿಂತು ಕೇಳಿದ, "ಎಷ್ಟು ಬರದಾನ ನಮ್ಮಾಂವ?"

"ಏಳು."

ಭಗವಂತ ಈ ಸಲ ನಗಲಿಲ್ಲ. "ನೆಲ ಬಂತಲ್ಲ ಬೇ," ಅಂದ.

ಒಂಬತ್ತು ವರ್ಷ ಅಂದಿತ್ತು ಆಕೆಯ ಲೆಕ್ಕ. ಹಿಮದ ಕಲಂನಲ್ಲಿ ಸೊನ್ನೆ ಬರೆದು ಸೇವ್ ಮಾಡಿದಳು.