ಎಚ್ಚರದ ಪಾಳಿ

ಇದು ನಡೆದದ್ದೇ. ಒಂದು ಮಾತು ಸುಳ್ಳಾದರೂ ನಾಳೆಯಿಂದ ನನ್ನ ಪಾಲಿನ ರೊಟ್ಟಿ ತಟ್ಟುವಾಗಲೇ ಹರಿಯಲಿ. ಬೇಕಾದರೆ ನಮ್ಮ ಚಿಕ್ಕೇರೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ಅಂಥದ್ದೇನೂ ಆಗಿಲ್ಲ ಅನ್ನುತ್ತಾರೆ. ಯಾವ ಮಾತಿಗೂ ಒಂದಾಗದ ಈ ಊರಿನವರು ಈ ಒಂದು ಮಾತಿಗೆ ಒಂದಾಗಿದ್ದಾರೆಂದರೆ, ಆಗಿದೆ ಅಂತಲೇ ತಿಳಿಯಬೇಕು.

ಒಂದು ರಾತ್ರಿ ನೆರೆಮನೆಯ ಉಳಿವೆಪ್ಪ ಯಂಕವ್ವನ ಮನೆಯ ಕಟ್ಟೆಯ ಮೇಲೆ ಕುಳಿತು ಹಸಿಮೆಣಸಿನಕಾಯಿ ಕಡಿಯುತ್ತಿದ್ದ. ಹಸಿವಿಗಲ್ಲ, ನಿದ್ದೆ ಬಾರದಿರಲಿ ಅಂತ. ಕಾಯಿ ಇನ್ನೂ ಹಲ್ಲಿನ ನಡುವೆ ಇರುವಾಗಲೇ ಅವನ ಗದ್ದ ಎದೆಗೆ ಬಿತ್ತು. ಕಣ್ಣು ತೆರೆದರೆ ಮುಖದ ಮೇಲೆ ಬ್ಯಾಟರಿ ಬೆಳಕು. ಬೆಳಕಿನ ಹಿಂದೆ ಯಂಕವ್ವನ ಮೊಮ್ಮಗಳು, ಏಳು ವರ್ಷದ ಸಮತಾ.

"ಮಾವ, ತೂಕಡಸಾಕತ್ತಿದ್ದಿ."

"ಇಲ್ಲವಾ. ಹಲ್ಲಾಗ ಬೀಜ ಸಿಕ್ಕಿತ್ತು, ಹುಡುಕಾಕತ್ತಿದ್ದೆ."

"ಕಣ್ಣು ಮುಚ್ಚಿ ಹುಡುಕ್ತಾರೇನು?"

"ಬಾಯಾಗಿಂದು ಹುಡುಕಾಕ ಕಣ್ಣು ಯಾಕ ಬೇಕು?"

ಅವಳು ನಗಲಿಲ್ಲ. "ನಿನ್ನ ಪಾಳಿ ಮುಗಿಯೂತನಾ ನಾ ಇಲ್ಲೇ ಕುಂದರ್ತೇನಿ" ಅಂದು ಅವನ ಪಕ್ಕದಲ್ಲಿ ಕಾಲು ಮಡಚಿ ಕುಳಿತಳು.

ಎರಡನೆಯ ಲಾಕ್‌ಡೌನಿನ ಆ ಬೇಸಿಗೆಯಲ್ಲಿ ನಮ್ಮ ಓಣಿಯ ನಾಯಿಗಳು ಬೊಗಳುವುದನ್ನು ಬಿಟ್ಟಿದ್ದವು. ಕಾಯುವುದಕ್ಕೆ ಸಮತಾ ಇದ್ದಳಲ್ಲ. ಬೇವಿನ ಮರದ ಗೂಬೆಯೂ ರಾತ್ರಿಯ ಕೆಲಸ ಬಿಟ್ಟು ಹಗಲಿಗೆ ಹೊಂದಿಕೊಂಡಿತು ಅನ್ನುತ್ತಾರೆ. ಅದು ಹಗಲು ಹನ್ನೆರಡಕ್ಕೆ ಕಾಗೆಗಳ ಜೊತೆ ಕುಳಿತಿದ್ದನ್ನು ನೋಡಿದವರೇ ಇದ್ದಾರೆ.

ಸಮತಾಳ ಅಪ್ಪ ಮಾಲತೇಶ ಮಡಗಾಂವದಲ್ಲಿ ಟೈಲ್ಸ್ ಕೂರಿಸುವ ಕೆಲಸಕ್ಕೆ ಹೋಗಿದ್ದ. ಕೆಲಸ ನಿಂತಿತು, ಬಸ್ಸು ನಿಂತವು. ಉಳ್ಳಾಗಡ್ಡಿ ಲಾರಿಯ ಮೇಲೆ ಕುಳಿತು ಹಾವೇರಿಗೆ ಬಂದು, ಅಲ್ಲಿಂದ ಸಿಕ್ಕ ಗಾಡಿ ಹತ್ತಿ, ಉಳಿದದ್ದನ್ನು ನಡೆದು, ಒಂದು ರಾತ್ರಿ ಊರು ಮುಟ್ಟಿದ. ಮೈ ಸುಡುತ್ತಿತ್ತು, ಕೆಮ್ಮಿತ್ತು. ಹೊರಗಿನಿಂದ ಬಂದವರು ಊರಿನ ಕನ್ನಡ ಸಾಲಿಯಲ್ಲಿ ಇರಬೇಕು ಅಂತ ಊರಲ್ಲಿ ಠರಾವಾಗಿತ್ತು. ಮನೆಯೊಳಗೆ ಕಾಲಿಡದೆ ಕಿಟಕಿಯಲ್ಲಿ ನಿಂತು ಮಗಳನ್ನು ನೋಡಿದ. ಸಮತಾ ಅಂಗಾತ ಮಲಗಿದ್ದಳು, ಬಾಯಿ ತೆರೆದಿತ್ತು. ಅವನ ಹೆಂಡತಿ ವಿದ್ಯಾ ಎಬ್ಬಿಸಲು ಕೈ ಚಾಚಿದಳು.

"ಬ್ಯಾಡ ಬಿಡು. ಎದ್ರ ಬಂದು ತೆಕ್ಕಿಗೆ ಬೀಳ್ತಾಳ. ಮುಂಜಾನಿ ಸಾಲಿ ಹತ್ರ ಕರಕೊಂಡು ಬಾ, ದೂರ ನಿಂತು ನೋಡ್ತಾಳ" ಅಂದ ಮಾಲತೇಶ.

ಬೆಳಗಾಗುವ ಮೊದಲೇ ಅವನಿಗೆ ಉಸಿರು ಹಿಡಿಯಿತು. ಅಂಬ್ಯುಲೆನ್ಸ್ ಬಂತು, ಹಾವೇರಿಯ ಆಸ್ಪತ್ರೆಗೆ ಒಯ್ದಿತು. ಸಮತಾ ಆಗಲೂ ಮಲಗಿದ್ದಳು. ಅವಳು ಎದ್ದು ಸಾಲಿಯ ಹತ್ತಿರ ಓಡಿದಾಗ ಅಲ್ಲಿ ಬ್ಲೀಚಿಂಗ್ ಪೌಡರು ಚೆಲ್ಲುತ್ತಿದ್ದರು.

"ನನ್ನ ಯಾಕ ಎಬ್ಬಿಸಲಿಲ್ಲ?" ಅಂತ ಅವಳು ಅಳದೆ ಕೇಳಿದಳು.

ಮಾತು ಜಾರಿದ್ದು ಯಂಕವ್ವನಿಂದ. "ಈ ಸಲ ಬಂದ್ರ ಎಬ್ಬಿಸ್ತೇನವಾ."

"ನೀನೂ ಮಕ್ಕೊಂಡಿದ್ರ, ಆಯಿ?"

"ಓಣ್ಯಾಗ ಯಾರರ ಎಚ್ಚರ ಇರ್ತಾರಲ್ಲ."

"ಯಾರು? ಹೆಸರು ಹೇಳು."

ಚಿಕ್ಕೇರೂರಿನಲ್ಲಿ ಬೋರಿನ ಕರೆಂಟು ರಾತ್ರಿಯೇ ಬರುತ್ತದೆ. ಹೊಲಕ್ಕೆ ನೀರು ಹಾಯಿಸುವವರು ಪಾಳಿ ಹಚ್ಚಿಕೊಂಡು ಎಚ್ಚರ ಇರುತ್ತಾರೆ. ಪಾಳಿ ಅಂದರೆ ಏನು, ಪಾಳಿ ತಪ್ಪಿದವರಿಗೆ ಎಂಥ ಬೈಗುಳ ಅನ್ನುವುದೆಲ್ಲ ಸಮತಾಳಿಗೆ ಹಾಲಿನ ಹಲ್ಲಿನಿಂದ ಗೊತ್ತು. ಅಂದೇ ಅವಳು ಮನೆ ಮನೆಗೆ ಹೋಗಿ ಪಾಳಿ ಹಚ್ಚಿ ಬಂದಳು. ಸೋಮವಾರ ಉಳಿವೆಪ್ಪ, ಮಂಗಳವಾರ ನೀಲಪ್ಪಜ್ಜ, ಹೀಗೆ. ದೊಡ್ಡವರು ಹೂಂ ಅಂದರು. ಲಾಕ್‌ಡೌನಿನಲ್ಲಿ ಮಾಡಲು ಬೇರೆ ಕೆಲಸವಾದರೂ ಏನಿತ್ತು? ಹುಡುಗಿ ಹಾಗಾದರೂ ಮಲಗಲಿ ಅಂತ ಅವರ ಆಸೆ. ಆದರೆ ಪಾಳಿಯವರು ಎಚ್ಚರ ಇದ್ದಾರೋ ಇಲ್ಲವೋ ನೋಡಲು ಅವಳು ಎದ್ದು ಬರತೊಡಗಿದಳು. ನೋಡಲು ಬಂದವಳು ಕೂರತೊಡಗಿದಳು. ಪಾಳಿಯವರು ಅವಳಿಗೆ ಸೇಂಗಾ ಹುರಿದು ಕೊಟ್ಟರು, ಕಥೆ ಹೇಳಿದರು. ನೀಲಪ್ಪಜ್ಜ ಹೇಳುತ್ತಿದ್ದ ಒಂದು ಎಮ್ಮೆಯ ಕಥೆ ಎಷ್ಟು ಉದ್ದವಿತ್ತೆಂದರೆ, ಎಮ್ಮೆ ಹಾನಗಲ್ಲಿನಲ್ಲಿ ತಪ್ಪಿಸಿಕೊಂಡು ಸವಣೂರು ಮುಟ್ಟುವಷ್ಟರಲ್ಲಿ ಮೂರು ಕರು ಹಾಕಿತ್ತು.

ಹಾವೇರಿಯಿಂದ ಸುದ್ದಿ ಬಂದದ್ದು ಆ ವಾರದಲ್ಲಿಯೇ. ಹೋಗಿ ಬಂದವರು ನೀಲಪ್ಪಜ್ಜ ಮತ್ತು ಉಳಿವೆಪ್ಪ. ದೂರದಿಂದ ಪ್ಲಾಸ್ಟಿಕ್ಕಿನ ಗಂಟು ನೋಡಿ, ಕೈ ಮುಗಿದು ಬಂದರು. ಹೆಂಗಸರನ್ನು ಅಳಲು ಕೆರೆಯ ಆಚೆ ಕರೆದುಕೊಂಡು ಹೋದರು, ಹುಡುಗಿಗೆ ಕೇಳಬಾರದು ಅಂತ.

"ಉಣಲಾರದವ್ರಿಗೆ ಸಾವಿನ ಸುದ್ದಿ ಹೇಳಬಾರದಂತ ನಮ್ಮ ಹಿರ್ಯಾರು ಅಂದಾರ" ಅಂದ ನೀಲಪ್ಪಜ್ಜ. "ಹಂಗ ನಿದ್ದಿಗೆಟ್ಟ ಕೂಸಿಗೂ ಹೇಳಬಾರದು. ಎದಿ ಒಡೀತೈತಿ. ಒಂದು ರಾತ್ರಿ ಕಣ್ತುಂಬ ಮಕ್ಕೊಳ್ಳಿ, ಎದ್ದ ಮ್ಯಾಲೆ ಹೇಳೂಣು."

ಎಲ್ಲರಿಗೂ ಒಪ್ಪಿಗೆಯಾಯಿತು. ಒಂದು ರಾತ್ರಿಯ ಮಾತು ತಾನೆ? ಬಳೆ ಒಡೆಯಲು ಎತ್ತಿದ ವಿದ್ಯಾಳ ಕೈಯನ್ನು ಯಂಕವ್ವನೇ ಹಿಡಿದಳು. "ಕೈ ಬರಿದಾದ್ರ ಕೂಸಿಗೆ ತಿಳೀತೈತಿ. ಅಕಿ ಮಕ್ಕೊಳ್ಳೂತನಾ ಇರ್ಲಿ." ಸತ್ತವನು ಅವಳ ಮಗ, ಆದರೂ ಸೊಸೆಯ ಹಣೆಗೆ ಕುಂಕುಮ ಹಚ್ಚಿದವಳು ಅವಳೇ.

ಅಪ್ಪ ಬಂದ ಮೇಲೆ ಮಗಳು ಮಲಗುತ್ತಾಳೆ. ಮಗಳು ಮಲಗಿದ ಮೇಲೆ ಅಪ್ಪ ಬರುವುದಿಲ್ಲ ಅಂತ ಹೇಳುತ್ತಾರೆ. ಇದು ಎಲ್ಲಿಗೆ ಮುಟ್ಟುತ್ತದೆ ಅಂತ ಅಂದು ಯಾರೂ ಯೋಚಿಸಲಿಲ್ಲ.

ಪಾಳಿಯ ಜೊತೆ ಹೇಳುವ ಕೆಲಸವೂ ಕೈಯಿಂದ ಕೈಗೆ ಹೋಯಿತು. ಉಳಿವೆಪ್ಪ, "ನಾಳೆ ನೀಲಪ್ಪಜ್ಜ ಹೇಳ್ತಾನ, ಹಿರೇ ಮನಶ್ಯಾ" ಅಂದುಕೊಂಡ. ನೀಲಪ್ಪಜ್ಜ ಎಮ್ಮೆಯನ್ನು ಸವಣೂರು ದಾಟಿಸಿ ಯಲವಿಗಿ ಸ್ಟೇಷನ್ನಿಗೆ ಹೊಡೆದುಕೊಂಡು ಹೋದ, ಹೇಳಲಿಲ್ಲ.

ಸಂತೆ ತೆರೆಯಿತು. ಬಳೆ ಮಾರುವ ಶಬನಮ ಹಿರೇಕೆರೂರಿನಿಂದ ಬುಟ್ಟಿ ಹೊತ್ತು ಬಂದಳು. ಸಮತಾ ಅವ್ವನನ್ನು ಕೈ ಹಿಡಿದು ಕಟ್ಟೆಗೆ ಎಳೆದು ತಂದಳು.

"ಶಬನಮಕ್ಕ, ನಮ್ಮವ್ವನ ಬಳಿ ಭಾಳ ಒಡದಾವು. ಹಸರು ಇಡ್ರಿ. ನಮ್ಮಪ್ಪಗ ಹಸರು ಸೇರತಾವು."

ಶಬನಮಳಿಗೆ ಸುದ್ದಿ ಗೊತ್ತಿತ್ತು. ಬುಟ್ಟಿ ಹೊತ್ತವರಿಗೆ ಯಾವ ಮನೆಗೆ ಹೋಗಬಾರದು ಅನ್ನುವುದು ಮೊದಲು ಗೊತ್ತಾಗುತ್ತದೆ. ಅವಳು ವಿದ್ಯಾಳ ಮುಖ ನೋಡಿದಳು. ವಿದ್ಯಾ ಕೈ ಚಾಚಿದಳು.

"ಇಡ್ಲೇನು?"

"ಇಡ್ರಿ."

ಶಬನಮ ಅವಳ ಬೆರಳು ಒತ್ತಿ, ಅಂಗೈ ಮಡಚಿ, ಒಂದೊಂದೇ ಬಳೆ ಏರಿಸಿದಳು. ಬಳೆ ಇಟ್ಟು ಮುಗಿಸಿದ ಮೇಲೆ ಮುತ್ತೈದೆಯಾಗಿ ಬಾಳು ಅಂತ ಹರಸುವುದು ಅವಳ ಕಸುಬಿನ ರೀತಿ. ಆ ದಿನ ಮಾತ್ರ ಬಟ್ಟೆಯ ತುದಿಯಿಂದ ಬುಟ್ಟಿಯ ಅಂಚು ಒರೆಸುತ್ತ ಕುಳಿತಳು.

"ಹೇಳ್ರಿ. ಪ್ರತಿ ಸಲ ಹೇಳ್ತೀರಲ್ಲ" ಅಂದಳು ಸಮತಾ.

"ಅಲ್ಲಾ ಚಲೋ ಮಾಡ್ಲಿ" ಅಂದಳು ಶಬನಮ. "ನಿನಗ ನಿದ್ದಿ ಕೊಡ್ಲಿ, ಬೇಟಿ."

"ನನಗಲ್ಲರೀ, ಅವ್ವಗ ಹೇಳ್ರಿ."

ಶಬನಮ ಬುಟ್ಟಿ ತಲೆಗೇರಿಸಿ, ಇನ್ನೊಂದು ಮನೆಗೂ ಹೋಗದೆ ಬಂದ ದಾರಿ ಹಿಡಿದಳು.

ಮಳೆ ಬಂತು, ಗೋವಿನಜೋಳ ತೆನೆ ಕಟ್ಟಿತು, ಸಾಲಿ ತೆರೆಯಿತು. ಸಮತಾ ಸಾಲಿಗೆ ಹೋದ ದಿನವೇ ಡೆಸ್ಕಿನ ಮೇಲೆ ತಲೆ ಇಟ್ಟು ಮಲಗಿಬಿಟ್ಟಳು. ಗಂಟೆ ಬಾರಿಸಿದರೂ ಏಳಲಿಲ್ಲ. ಮರುದಿನವೂ ಹಾಗೇ. ಟೀಚರು ಹೇಳಿ ಕಳಿಸಿದ್ದನ್ನು ಕೇಳಿ ಯಂಕವ್ವ ಸೊಸೆಯ ಹತ್ತಿರ ಬಂದು ಕುಳಿತಳು.

"ಮಕ್ಕೊಂಡಾಳಂತ ನೋಡು, ವಿದ್ಯಾ. ಹಗಲ ನಿದ್ದಿ ಆದ್ರೂ ನಿದ್ದೀನ. ಹೋಗು, ಎದ್ದ ಕೂಡ್ಲೇ ಹೇಳಿಬಿಡು. ನನ್ನ ಕೈಲೆ ಆಗೂದಿಲ್ಲ."

ವಿದ್ಯಾ ಹೋದಳು. ಡೆಸ್ಕಿನ ಹತ್ತಿರ ನೆಲದ ಮೇಲೆ ಕುಳಿತಳು. ಟೀಚರು ಉಳಿದ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದರು. ಹುಡುಗಿಯ ಬಾಯಿ ತೆರೆದಿತ್ತು, ತೋಳಿನ ಮೇಲೆ ಜೊಲ್ಲು ಇಳಿದಿತ್ತು. ಗೋಡೆಯ ಮೇಲೆ ಎರಡರ ಮಗ್ಗಿ ಇತ್ತು. ವಿದ್ಯಾ ಅದನ್ನು ಓದುತ್ತ, ಹೇಳಬೇಕಾದ ಮಾತನ್ನು ಒಳಗೇ ಜೋಡಿಸಿಕೊಂಡಳು. ಮೊದಲು ತಲೆ ಸವರಬೇಕು. ಆಮೇಲೆ ಅಪ್ಪ ಅನ್ನಬೇಕು. ಆಮೇಲಿನದು ತಾನೇ ಬರುತ್ತದೆ.

ಸಮತಾ ಕಣ್ಣು ತೆರೆದಳು. ಅವ್ವ ಎದುರಿಗೆ ಕುಳಿತಿರುವುದನ್ನು ನೋಡಿ ಒಮ್ಮೆಲೇ ಎದ್ದು ನಿಂತಳು. ಅಷ್ಟು ತಿಂಗಳಲ್ಲಿ ಆ ಮುಖದ ಮೇಲೆ ಅಂಥ ಬೆಳಕನ್ನು ಯಾರೂ ನೋಡಿರಲಿಲ್ಲ.

"ಅಪ್ಪ ಬಂದನೇನವ್ವ? ಎಬ್ಬಿಸಾಕ ಬಂದಿಯೇನು?"

ವಿದ್ಯಾ ಮಗಳ ತಲೆ ಸವರಿದಳು. ಹಸಿರು ಬಳೆ ಸದ್ದು ಮಾಡಿದವು.

"ಇಲ್ಲವಾ. ಸಾಲ್ಯಾಗ ಊಟಾ ಚಲೋ ಕೊಡ್ತಾರೋ ಇಲ್ಲೋ, ನೋಡಾಕ ಬಂದೆ."

ಆಮೇಲೆ ಸಮತಾ ಸಾಲಿಯಲ್ಲೂ ಮಲಗಲಿಲ್ಲ. ಹಗಲಿನ ಪಾಳಿಗೆ ಯಾರೂ ಇಲ್ಲ, ಅಪ್ಪ ಹಗಲು ಬಂದರೆ ಯಾರು ಹೇಳಬೇಕು ಅಂತ ಅವಳ ಲೆಕ್ಕ. ಈಗ ಬಸ್ಸು ಓಡಾಡುತ್ತಿವೆ. ಉಳಿವೆಪ್ಪ ಶಿಗ್ಗಾಂವಿಯ ಕಡೆ ಕೆಲಸ ಹಿಡಿದ. ನೀಲಪ್ಪಜ್ಜನ ಎಮ್ಮೆ ರೈಲು ಹತ್ತಿ ಎತ್ತಲೋ ಹೋಯಿತು, ಅಜ್ಜನಿಗೆ ಕೂರಲು ಸೊಂಟ ಒಪ್ಪುವುದಿಲ್ಲ. ಯಂಕವ್ವ ಒಬ್ಬಳೇ ಬಾಗಿಲಿನ ಹತ್ತಿರ ಗೋಡೆಗೆ ಒರಗಿ ಕುಳಿತುಕೊಳ್ಳುತ್ತಾಳೆ, ಮೊಮ್ಮಗಳು ಅವಳ ರೆಪ್ಪೆಯನ್ನೇ ನೋಡುತ್ತ ಕುಳಿತಿರುತ್ತಾಳೆ. ಒಳಗೆ ವಿದ್ಯಾ ಮಗ್ಗಲು ಬದಲಿಸಿದಾಗಲೆಲ್ಲ ಬಳೆ ಸದ್ದು ಮಾಡುತ್ತವೆ.

ನಾನು ಇಷ್ಟು ಹೊತ್ತು ಸುಮ್ಮನೆ ಬಾಯಿ ನೋಯಿಸಿಕೊಂಡೆ ಅಂದುಕೊಂಡಿರಾ? ನಿಮ್ಮ ಊಟ ಆಗಿದೆ, ಹಿರೇಕೆರೂರಿನ ಬಸ್ಸು ಆಗಲೇ ಹೋಯಿತು. ಇವತ್ತಿನ ಪಾಳಿ ಖಾಲಿ ಇದೆ. ಯಂಕವ್ವನ ಕಟ್ಟೆಯ ಮೇಲೆ ಕಂಬಳಿ ಹಾಸಿದ್ದೇನೆ, ಕೂತುಕೊಳ್ಳಿ. ಬೆಳಗಿನ ಜಾವ ಸಮತಾಳಿಗೇನಾದರೂ ಕಣ್ಣು ಹತ್ತಿದರೆ, ಎದ್ದ ಮೇಲೆ ಆ ಮಾತನ್ನು ನೀವೇ ಹೇಳಿಬಿಡಿ. ನೀವು ಹೊರಗಿನವರು, ಹೇಳಿ ಬಸ್ಸು ಹತ್ತಿದರಾಯಿತು.